ಹೆಸರು ಬೇರೆ, ಆಬ್ಜೆಕ್ಟ್ ಬೇರೆ

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿರುವವರಿಂದ ಈ ಸಲವೂ ರಾಶಿ ಪ್ರಶ್ನೆಗಳು ಬಂದಿವೆ. ಅರ್ಧಕ್ಕಿಂತ ಹೆಚ್ಚು ಜನ ಕೇಳಿರುವುದು ಒಂದೇ ವಿಷಯ. ಹಿಂದೆ ಇದಕ್ಕೆ ಎರಡು ಸಾಲಿನ ಉತ್ತರ ಕೊಟ್ಟು ಸುಮ್ಮನಾಗಿದ್ದೆ, ಅದು ಸಾಲಲಿಲ್ಲ. ಇಂದು ಅದಕ್ಕೇ ಹೆಚ್ಚು ಜಾಗ. ಇನ್‌ಸ್ಟಾಲ್ ಮಾಡುವುದು ಹೇಗೆ, ಕ್ಲಾಸ್ ಎಂದರೇನು ಎಂಬುದೆಲ್ಲ ಯಾವ ಪುಸ್ತಕದ ಮೊದಲ ಅಧ್ಯಾಯದಲ್ಲೂ ಸಿಗುತ್ತದೆ. ದಯವಿಟ್ಟು ಅಲ್ಲಿ ಓದಿಕೊಳ್ಳಿ.

ಪ್ರಶ್ನೆ: ಎರಡು ಸ್ಟ್ರಿಂಗ್‌ಗಳಲ್ಲಿ ಒಂದೇ ಪದವಿದ್ದರೂ, ಸಮವೇ ಎಂದು ನೋಡಲು == ಹಾಕಿದರೆ ಒಮ್ಮೆ ನಿಜ ಬರುತ್ತದೆ, ಒಮ್ಮೆ ಸುಳ್ಳು. ಮೆಥಡ್‌ಗೆ ಕಳಿಸಿದ ಆಬ್ಜೆಕ್ಟ್ ಒಮ್ಮೆ ಬದಲಾಗುತ್ತದೆ, ಒಮ್ಮೆ ಇಲ್ಲ. ಇದು ಜಾವಾದ ದೋಷವೇ?

ಜಾವಾದಲ್ಲಿ ದೋಷವಿಲ್ಲ, ನಿಮಗೆ ಹೇಳಿಕೊಟ್ಟ ಪಾಠದಲ್ಲಿದೆ. ವೇರಿಯಬಲ್ ಎಂದರೆ ಡಬ್ಬಿ, ಅದರೊಳಗೆ ಆಬ್ಜೆಕ್ಟ್ ಕೂತಿರುತ್ತದೆ ಎಂದು ಯಾರೋ ಹೇಳಿದ್ದಾರೆ. ಇಂಟ್, ಡಬಲ್, ಬೂಲಿಯನ್ ಮುಂತಾದ ಎಂಟು ಮೂಲ ಟೈಪ್‌ಗಳ ಮಟ್ಟಿಗೆ ಆ ಮಾತು ನಡೆಯುತ್ತದೆ. ಆಬ್ಜೆಕ್ಟ್‌ಗಳಿಗೆ ನಡೆಯುವುದಿಲ್ಲ. ಆಬ್ಜೆಕ್ಟ್ ಮೆಮೊರಿಯಲ್ಲಿ ಬೇರೆ ಕಡೆ ಇರುತ್ತದೆ. ವೇರಿಯಬಲ್‌ನಲ್ಲಿರುವುದು ಅದರ ವಿಳಾಸ ಬರೆದ ಚೀಟಿ.

ಅಂಕ 40 ಇರುವ ಒಬ್ಬ ವಿದ್ಯಾರ್ಥಿಯ ಆಬ್ಜೆಕ್ಟನ್ನು ಮೆಥಡ್‌ಗೆ ಕಳಿಸಿದಿರಿ ಎಂದುಕೊಳ್ಳಿ. ಕಳಿಸಿದ್ದು ಚೀಟಿಯ ನಕಲು. ಮೆಥಡ್ ಆ ವಿಳಾಸ ಹಿಡಿದು ಹೋಗಿ ಅಂಕವನ್ನು 75 ಮಾಡಿದರೆ ನಿಮಗೂ 75 ಕಾಣುತ್ತದೆ, ಏಕೆಂದರೆ ಇಬ್ಬರ ಚೀಟಿಯಲ್ಲೂ ಅದೇ ವಿಳಾಸ. ಅದೇ ಮೆಥಡ್ ‘ನ್ಯೂ’ ಹಾಕಿ 90 ಅಂಕದ ಇನ್ನೊಬ್ಬ ವಿದ್ಯಾರ್ಥಿಯನ್ನು ಸೃಷ್ಟಿಸಿ ತನ್ನ ವೇರಿಯಬಲ್‌ಗೆ ಕೊಟ್ಟರೆ, ಅದು ತನ್ನ ಚೀಟಿಯನ್ನಷ್ಟೇ ತಿದ್ದಿಕೊಂಡಂತೆ. ನಿಮ್ಮ ಚೀಟಿಯಲ್ಲಿ ಹಳೆಯ ವಿಳಾಸವೇ ಉಳಿಯಿತು, ನಿಮಗೆ 75 ಕಾಣುತ್ತದೆ.

ಈಗ == ವಿಷಯ. ಅದು ಎರಡು ಚೀಟಿಗಳನ್ನು ಹೋಲಿಸುತ್ತದೆ, ಮನೆಯೊಳಗೆ ಇಣುಕುವುದಿಲ್ಲ. ಕೋಡಿನಲ್ಲಿ ನೇರವಾಗಿ ಬರೆದ ಒಂದೇ ಪದವನ್ನು ಜಾವಾ ಒಂದೇ ಕಡೆ ಇಟ್ಟು ಹಂಚುತ್ತದೆ, ಅದಕ್ಕೇ ನಿಜ ಬರುತ್ತದೆ. ಅದೇ ಪದವನ್ನು ಕೀಬೋರ್ಡಿನಿಂದ ಓದಿಕೊಂಡರೆ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ, ಸುಳ್ಳು ಬರುತ್ತದೆ. ಇಂಟ್‌ನ ಆಬ್ಜೆಕ್ಟ್ ರೂಪವಾದ, ದೊಡ್ಡಕ್ಷರದಿಂದ ಶುರುವಾಗುವ ಇಂಟಿಜರ್‌ನಲ್ಲಿ ಇನ್ನೂ ಮೋಸ ಹೋಗುತ್ತೀರಿ: -128ರಿಂದ 127ರವರೆಗಿನ ಸಂಖ್ಯೆಗಳನ್ನು ಜಾವಾ ಮೊದಲೇ ಮಾಡಿಟ್ಟುಕೊಂಡು ಹಂಚುವುದರಿಂದ 127ಕ್ಕೆ 127 ಸಮ ಎನ್ನುತ್ತದೆ, 128ಕ್ಕೆ 128 ಸಾಮಾನ್ಯವಾಗಿ ಸಮವಲ್ಲ ಎನ್ನುತ್ತದೆ. ಸಣ್ಣ ಸಂಖ್ಯೆಯಲ್ಲಿ ಪರೀಕ್ಷಿಸಿ ಸರಿಯಿದೆ ಎಂದುಕೊಂಡ ಪ್ರೋಗ್ರಾಮ್ ದೊಡ್ಡ ಸಂಖ್ಯೆ ಬಂದ ದಿನ ಕೈಕೊಡುತ್ತದೆ. ಒಳಗಿರುವುದನ್ನು ಹೋಲಿಸಲು ‘ಈಕ್ವಲ್ಸ್’ ಬಳಸಿ. ನಿಮ್ಮದೇ ಕ್ಲಾಸ್‌ ಆದರೆ ಅದನ್ನು ನೀವೇ ಬರೆಯಬೇಕು, ಇಲ್ಲದಿದ್ದರೆ ಅದೂ == ಮಾಡುವ ಕೆಲಸವನ್ನೇ ಮಾಡುತ್ತದೆ. ಜೊತೆಗೆ, ಆಬ್ಜೆಕ್ಟನ್ನು ಹುಡುಕಲು ನೆರವಾಗುವ ಸಂಖ್ಯೆ ಕೊಡುವ ‘ಹ್ಯಾಶ್‌ಕೋಡ್’ ಕೂಡ ಬರೆಯಿರಿ. ಅದನ್ನು ಬಿಟ್ಟವರೇ, ಹ್ಯಾಶ್‌ಸೆಟ್ ಎಂಬ ಸಂಗ್ರಹಕ್ಕೆ ಹಾಕಿದ ಆಬ್ಜೆಕ್ಟ್ ಹುಡುಕಿದರೆ ಸಿಗುತ್ತಿಲ್ಲ ಎಂದು ನನಗೆ ಬರೆಯುವವರು. 2021ರ ಜಾವಾ 16ರಿಂದ ಮಾಹಿತಿ ಹಿಡಿದಿಡುವ ಕ್ಲಾಸನ್ನು ಚಿಕ್ಕದಾಗಿ ಬರೆಯುವ ‘ರೆಕಾರ್ಡ್’ ಇದೆ. ಎರಡನ್ನೂ ಅದೇ ಒದಗಿಸುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬಿಲ್‌ಗಳ ಪಟ್ಟಿಯನ್ನು ಖಾಲಿ ಮಾಡುವ ಮುನ್ನ ‘ಹಳೆಯದು = ಪಟ್ಟಿ’ ಎಂದು ಬರೆದು ಪ್ರತಿ ತೆಗೆದಿಟ್ಟೆ ಎಂದುಕೊಂಡೆ. ಮುಂದಿನ ಸಾಲಿನಲ್ಲಿ ‘ಪಟ್ಟಿ.ಕ್ಲಿಯರ್()’. ಹಳೆಯದೂ ಖಾಲಿಯಾಯಿತು. ಹೆಸರು ಎರಡಿದ್ದವು, ಪಟ್ಟಿ ಇದ್ದದ್ದು ಒಂದೇ. ಒಂದಿಡೀ ದಿನದ ಬಿಲ್‌ಗಳನ್ನು ಸಹೋದ್ಯೋಗಿಗಳು ಕೂತು ಮತ್ತೆ ತುಂಬಿದರು. ಅವರ ಮುಖ ನನಗೆ ಇನ್ನೂ ನೆನಪಿದೆ. ಈಗ ‘ನ್ಯೂ ಅರೇಲಿಸ್ಟ್(ಪಟ್ಟಿ)’ ಎಂದು ಹೊಸ ಪಟ್ಟಿ ಮಾಡದೆ ಮುಂದೆ ಹೋಗುವುದಿಲ್ಲ. ಅದರಲ್ಲೂ ನಕಲಾಗುವುದು ಪಟ್ಟಿ ಮಾತ್ರ. ಒಳಗಿನ ಬಿಲ್‌ಗಳು ಅವೇ. ಒಂದು ಪಟ್ಟಿಯ ಮೂಲಕ ಬಿಲ್ಲಿನ ಮೊತ್ತ ತಿದ್ದಿದರೆ ಇನ್ನೊಂದರಲ್ಲೂ ತಿದ್ದಿರುತ್ತದೆ.

‘ಆಬ್ಜೆಕ್ಟ್‌ಗಳು ಪಾಸ್ ಬೈ ರೆಫರೆನ್ಸ್, ಇಂಟ್‌ಗಳು ಪಾಸ್ ಬೈ ವ್ಯಾಲ್ಯೂ’ ಎಂದು ಇಂಟರ್‌ವ್ಯೂಗೆ ಬಾಯಿಪಾಠ ಮಾಡಿಸುವವರಿದ್ದಾರೆ. ಮೊದಲನೆಯದೆಂದರೆ ನಿಮ್ಮ ವೇರಿಯಬಲ್ಲನ್ನೇ ಮೆಥಡ್ ಕೈಗೆ ಕೊಡುವುದು, ಎರಡನೆಯದೆಂದರೆ ಅದರಲ್ಲಿರುವುದರ ನಕಲು ಕೊಡುವುದು. ಅವರು ಬಾಯಿಪಾಠ ಮಾಡಿಸುವುದು ಶುದ್ಧ ತಪ್ಪು. ಜಾವಾದಲ್ಲಿ ಯಾವತ್ತೂ ಪಾಸ್ ಬೈ ವ್ಯಾಲ್ಯೂ ಮಾತ್ರ. ಆಬ್ಜೆಕ್ಟ್ ವಿಷಯದಲ್ಲಿ ಆ ವ್ಯಾಲ್ಯೂ ಎಂದರೆ ಚೀಟಿ. ಇನ್ನು ಕೆಲವರು ಜಾವಾದಲ್ಲಿ ಪಾಯಿಂಟರ್, ಅಂದರೆ ವಿಳಾಸದ ಚೀಟಿ, ಎಂಬುದೇ ಇಲ್ಲ ಎನ್ನುತ್ತಾರೆ. ಹಾಗಿದ್ದರೆ ನೀವು ವಾರಕ್ಕೆ ಹತ್ತು ಸಲ ನೋಡುವ ನಲ್‌ಪಾಯಿಂಟರ್‌ಎಕ್ಸೆಪ್ಶನ್‌ಗೆ ಆ ಹೆಸರು ಎಲ್ಲಿಂದ ಬಂತು? ವಿಳಾಸ ಬರೆಯದ ಚೀಟಿ ಹಿಡಿದು ಮನೆ ಹುಡುಕಲು ಹೋದಾಗ ಬರುವ ದೋಷ ಅದು. ಯಾವುದು ನಲ್ ಎಂದು 2020ರ ಜಾವಾ 15ರಿಂದ ದೋಷದ ಸಂದೇಶದಲ್ಲೇ ಬರುತ್ತದೆ. ಸಂದೇಶ ಓದದೆ ನನಗೆ ಬರೆಯಬೇಡಿ.

ಒಂದು ವಾರ ಹೀಗೆ ಮಾಡಿ. ಹಾಳೆಯ ಎಡಕ್ಕೆ ವೇರಿಯಬಲ್‌ಗಳ ಹೆಸರು, ಬಲಕ್ಕೆ ಆಬ್ಜೆಕ್ಟ್‌ಗಳ ಚೌಕ, ನಡುವೆ ಬಾಣ. ನಿಮ್ಮ ಕ್ಲಾಸ್‌ಗೆ ‘ನ್ಯೂ’ ಬಂದಾಗ ಮಾತ್ರ ಹೊಸ ಚೌಕ ಬರೆಯಿರಿ; = ಬಂದರೆ ಬಾಣವನ್ನಷ್ಟೇ ತಿರುಗಿಸಿ. ಹೆಸರು ನಾಲ್ಕಿದ್ದು ‘ನ್ಯೂ’ ಒಂದೇ ಸಲ ಬಂದಿದ್ದರೆ ಚೌಕವೂ ಒಂದೇ. ಪೆನ್ಸಿಲ್ ಹಿಡಿಯಲು ಬೇಸರಪಡುವವರು ಇದೇ ಪ್ರಶ್ನೆಯನ್ನು ವರ್ಷಗಟ್ಟಲೆ ಕೇಳುತ್ತಿರುತ್ತಾರೆ.

ಪ್ರಶ್ನೆ: ಕಾರಿಗೆ ಎಂಜಿನ್ ಬೇಕಲ್ಲ, ಕಾರ್ ಕ್ಲಾಸ್ ಎಂಜಿನ್ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿ ಅದರಲ್ಲಿರುವುದನ್ನೆಲ್ಲ ಪಡೆಯಬಹುದೇ?

ಕೂಡದು. ಕಾರಿನೊಳಗೆ ಎಂಜಿನ್ ಇದೆ, ಕಾರೇ ಎಂಜಿನ್ ಅಲ್ಲ. ಎಂಜಿನ್ ಅನ್ನು ಫೀಲ್ಡ್ ಆಗಿ, ಅಂದರೆ ಕಾರ್ ಕ್ಲಾಸಿನ ಒಳಗಿನ ವೇರಿಯಬಲ್ ಆಗಿ ಇಡಿ. ಜಾವಾ ಕಟ್ಟಿದವರೂ ಇಲ್ಲಿ ಎಡವಿದ್ದಾರೆ. ಸ್ಟ್ಯಾಕ್ ಎಂದರೆ ಮೇಲಿನಿಂದಷ್ಟೇ ಇಡಬೇಕು, ಮೇಲಿನಿಂದಷ್ಟೇ ತೆಗೆಯಬೇಕು. ಅವರ ಸ್ಟ್ಯಾಕ್ ಕ್ಲಾಸ್, ಪಟ್ಟಿಯಂತಿರುವ ವೆಕ್ಟರ್‌ನಿಂದ ಇನ್‌ಹೆರಿಟ್ ಆಗಿರುವುದರಿಂದ ನಡುವೆಯೂ ತುರುಕಬಹುದು. ಹಳೆಯ ಕೋಡ್ ಮುರಿಯುತ್ತದೆಂದು ಅದು ಇಂದಿಗೂ ಹಾಗೇ ಉಳಿದಿದೆ. ಬದಲಿಗೆ ‘ಡೆಕ್’ (ಎರಡೂ ತುದಿಯಲ್ಲಿ ಇಡಲು, ತೆಗೆಯಲು ಬರುವ ಸಾಲು) ಬಳಸಿ ಎಂದು ಜಾವಾದ ಅಧಿಕೃತ ದಾಖಲೆಯಲ್ಲೇ ಇದೆ.

ಪ್ರಶ್ನೆ: ಜಾವಾ, ಜಾವಾಸ್ಕ್ರಿಪ್ಟ್ ಒಂದೇನಾ?

ಎರಡೂ 1995ರಲ್ಲಿ ಹೊರಬಂದವು. ಹೆಸರು ಬಿಟ್ಟರೆ ನಂಟು ಬಹಳ ಕಡಿಮೆ.

ಪ್ರಶ್ನೆ: ಎಲ್ಲ ಫೀಲ್ಡ್‌ಗಳಿಗೂ ಗೆಟರ್, ಸೆಟರ್ (ಓದುವ, ಬದಲಿಸುವ ಮೆಥಡ್) ಬರೆದರೆ ಎನ್‌ಕ್ಯಾಪ್ಸುಲೇಶನ್ (ಒಳಗಿನದನ್ನು ಹೊರಗಿನವರಿಂದ ಕಾಪಾಡುವುದು) ಆಯಿತಲ್ಲವೇ?

ಇಲ್ಲ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದಂತಾಯಿತು.

ಪ್ರಶ್ನೆ: ಮೂವತ್ತು ದಿನದಲ್ಲಿ ಪರಿಣತರನ್ನಾಗಿ ಮಾಡುತ್ತೇವೆ ಎನ್ನುವ ಕೋರ್ಸ್‌ಗೆ ಸೇರಲೇ?

ದುಡ್ಡು ಕಟ್ಟುವ ಮೊದಲು ಅಲ್ಲಿ ಪಾಠ ಮಾಡುವವರನ್ನು ಒಂದೇ ಮಾತು ಕೇಳಿ: ಜಾವಾದಲ್ಲಿ ಆಬ್ಜೆಕ್ಟ್ ಪಾಸ್ ಬೈ ರೆಫರೆನ್ಸ್ ಆಗುತ್ತದೆಯೇ? ‘ಹೌದು’ ಎಂದರೆ ಎದ್ದು ಬನ್ನಿ.