ಬಿಳಿ ಹಾವಸೆಯ ಬರಹ ಕಳಿಸಿದವರಿಗೆ

ನಮಸ್ಕಾರ. ತಾಳೆ ಮರದ ಕಾಂಡದ ಮೇಲೆ ಸಿಕ್ಕ ಬಿಳಿಚಿಕೊಂಡ ಹಾವಸೆ ಬಗ್ಗೆ ನೀವು ಕಳಿಸಿದ ಬರಹ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೇ ಪ್ಯಾರಾ ಓದುವಾಗ ಸಿಟ್ಟು ಬಂತು.

‘ಮುದ್ದಾದ, ಮೃದುವಾದ, ಮಂಜಿನಂಥ ಎಲೆಗಳು’ ಅಂತ ಬರೆದಿದ್ದೀರಿ. ಎಷ್ಟು ಉದ್ದ? ತುದಿ ಮೊಂಡೋ ಚೂಪೋ? ನೋಡಿದ್ದು ಒದ್ದೆ ಇದ್ದಾಗಲೋ ಒಣಗಿದಾಗಲೋ? ಅದನ್ನು ಹೇಳದೆ ಸುಮ್ನೆ ಬಣ್ಣ ಹೇಳಿದರೆ ಏನು ಉಪಯೋಗ? ಆ ಬಿಳುಪಿಗೆ ಕಾರಣ ಇದೆ. ಎಲೆಯ ನಡುವೆ ಹಸಿರು ಜೀವಕೋಶಗಳ ಪದರ, ಅದರ ಮೇಲೂ ಕೆಳಗೂ ಒಳಗೆ ಏನೂ ಇಲ್ಲದ ಸತ್ತ ಕೋಶಗಳು. ಒಣಗಿದಾಗ ಅವುಗಳಲ್ಲಿ ಗಾಳಿ ತುಂಬಿ ಎಲೆ ಬೆಳ್ಳಗಾಗುತ್ತದೆ, ನೀರು ಕುಡಿದರೆ ಹಸಿರು ಕಾಣುತ್ತದೆ. ಒಂದು ತೊಟ್ಟು ನೀರು ಬಿಟ್ಟಿದ್ದರೆ ನಿಮ್ಮ ಕಣ್ಣೆದುರೇ ಆಗುತ್ತಿತ್ತು.

ಮುಂದಿನ ಸಾಲು: ‘ಬೆಳ್ಳಗಿದೆ, ಆದ್ದರಿಂದ ಇದು ಆಕ್ಟೋಬ್ಲೆಫಾರಮ್ ಆಲ್ಬಿಡಮ್.’ ಈ ‘ಆದ್ದರಿಂದ’ ನಾನು ಒಪ್ಪುವುದಿಲ್ಲ. ಲ್ಯೂಕೋಬ್ರಿಯಮ್ ಅನ್ನುವ ಇನ್ನೊಂದು ಹಾವಸೆ ಕೂಡ ಬೆಳ್ಳಗೇ ಇರುತ್ತದೆ ಅಲ್ವಾ? ಆಕ್ಟೋಬ್ಲೆಫಾರಮ್ ಎಲೆ ಚಪ್ಪಟೆ ಪಟ್ಟಿಯ ಹಾಗಿದ್ದು, ಮೊಂಡು ತುದಿಯಲ್ಲಿ ಚಿಕ್ಕದೊಂದು ಮೊನೆ ಇರುತ್ತದೆ; ಲ್ಯೂಕೋಬ್ರಿಯಮ್ ಎಲೆ ತುದಿಯತ್ತ ಕಿರಿದಾಗುತ್ತಾ ಕೊಳವೆಯಂತೆ ಸುತ್ತಿಕೊಳ್ಳುತ್ತದೆ. ಬೀಜಾಣುಕೋಶ, ಅಂದರೆ ಬೀಜಾಣುಗಳನ್ನು ತುಂಬಿಕೊಂಡ ಪುಟ್ಟ ಡಬ್ಬಿ, ಸಿಕ್ಕರಂತೂ ಕೆಲಸ ಇನ್ನೂ ಸುಲಭ. ಮುಚ್ಚಳ ಬಿದ್ದ ಮೇಲೆ ಅದರ ಬಾಯಿಯ ಸುತ್ತ ನೋಡಿ, ಹಲ್ಲಿನಂಥ ಚೂರುಗಳ ಸಾಲು ಇರುತ್ತದೆ: ಆಲ್ಬಿಡಮ್‌ಗೆ 8 ಹಲ್ಲು, ಲ್ಯೂಕೋಬ್ರಿಯಮ್‌ಗೆ 16. ನಿಮ್ಮದೇ ಫೋಟೋದಲ್ಲಿ ಆ ಬೀಜಾಣುಕೋಶಗಳು ಕಾಣುತ್ತಿವೆ! ನೀವು ಅವನ್ನು ‘ಪುಟ್ಟ ಹೂಗಳು’ ಅಂದು ಮುಂದೆ ಹೋಗಿಬಿಟ್ಟಿದ್ದೀರಿ. ಹಾವಸೆ ಹೂ ಬಿಡುವುದೇ ಇಲ್ಲ.

ನಾನು ಕಲಿಯುತ್ತಿದ್ದಾಗ ಹಿರಿಯರೊಬ್ಬರು ಗಿಡದ ಹೆಸರು ಕೇಳಲು ಬಿಡುತ್ತಲೇ ಇರಲಿಲ್ಲ. ಒಂದು ಎಲೆ ಕಿತ್ತು, ಬ್ಲೇಡಿನಲ್ಲಿ ತೆಳ್ಳಗೆ ಅಡ್ಡ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ಕಂಡದ್ದರ ಚಿತ್ರ ಬರೆದು ತಾ ಅನ್ನುತ್ತಿದ್ದರು. ಹಸಿರು ಕೋಶಕ್ಕೆ ಮೂರು ಮೂಲೆಯೋ ನಾಲ್ಕೋ ಅಂತ ಕಣ್ಣು ನೋಯುವವರೆಗೆ ನೋಡುತ್ತಿದ್ದೆ. ಆಕ್ಟೋಬ್ಲೆಫಾರಮ್‌ನಲ್ಲಿ ಮೂರು. ಚಿತ್ರದ ಪಕ್ಕ ‘ಸುಂದರ’ ಅಂತ ಬರೆದರೆ ಅವರು ಮಾತಾಡದೆ ಪೆನ್ಸಿಲ್‌ನಲ್ಲಿ ಹೊಡೆದು ಹಾಕುತ್ತಿದ್ದರು, ಅದೇ ಸಿಟ್ಟು ಈಗ ನನಗೂ ಬಂದಿದೆ.

ಮಾದರಿ ಎಸೆದಿಲ್ಲ ಅಂದುಕೊಳ್ಳುತ್ತೇನೆ. ಒಣಗಿದ್ದರೂ ಚಿಂತೆ ಇಲ್ಲ, ನೀರಲ್ಲಿ ಹಾಕಿದರೆ ಎಲೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಹಲ್ಲು ಎಣಿಸಿ, ಎಲೆ ಅಳೆಯಿರಿ, ಎರಡನೇ ಪ್ಯಾರಾ ಮಾತ್ರ ಹೊಸದಾಗಿ ಬರೆದು ಕಳಿಸಿ. ಕಾಯುತ್ತಿರುತ್ತೇನೆ.