ದುರುಪಯೋಗದ ಆರೋಪ ಬಂದರೆ ಮ್ಯಾಪ್ ಬಾಗಿಲು ಮುಚ್ಚಿತಾ?

ಪ್ರಶ್ನೆ: ಬೇರೆ ದೇಶದಲ್ಲಿರುವ ನಮ್ಮ ಅಂಗಸಂಸ್ಥೆಯಿಂದ ಡಿವಿಡೆಂಡ್ ಬಂತು. ತೆರಿಗೆ ಒಪ್ಪಂದದ ಕಡಿಮೆ ದರ ಕೇಳಿದೆವು. ‘ಆ ದರಕ್ಕಾಗಿಯೇ ಈ ಕಂಪನಿ ಮಾಡಿದ್ದೀರಿ’ ಎಂದು ಅಲ್ಲಿನ ಇಲಾಖೆ ಪೂರ್ತಿ ದರ ಹಾಕಿದೆ. ದುರುಪಯೋಗದ ಆರೋಪ ಇದ್ದರೆ ಎರಡು ದೇಶಗಳ ತೆರಿಗೆ ಅಧಿಕಾರಿಗಳ ಮಾತುಕತೆಗೆ, ಅಂದರೆ ಮ್ಯಾಪ್‌ಗೆ (ಮ್ಯೂಚುಯಲ್ ಅಗ್ರಿಮೆಂಟ್ ಪ್ರೊಸೀಜರ್), ಹೋಗುವಂತಿಲ್ಲವಂತೆ. ಹೌದಾ?

ಉತ್ತರ: ಇಲ್ಲ, ದಯವಿಟ್ಟು ಅದನ್ನು ನಂಬಿ ಸುಮ್ನೆ ಕೂರಬೇಡಿ. ಒಪ್ಪಂದದ ದುರುಪಯೋಗ ಆಗಿದೆಯೋ ಇಲ್ಲವೋ ಎನ್ನುವುದೇ ಜಗಳವಾದಾಗಲೂ ಮ್ಯಾಪ್‌ಗೆ ಅವಕಾಶ ಕೊಡಲೇಬೇಕು ಎಂದು ಕಂಪನಿಗಳು ಲಾಭವನ್ನು ಬೇರೆ ದೇಶಕ್ಕೆ ಸಾಗಿಸಿ ತೆರಿಗೆ ತಪ್ಪಿಸುವುದನ್ನು ತಡೆಯಲು ದೇಶಗಳು ಸೇರಿ ಮಾಡಿದ 2015ರ ಬೆಪ್ಸ್ ಯೋಜನೆಯ 14ನೇ ಕ್ರಮ ಹೇಳುತ್ತದೆ. ಅದನ್ನು ಒಪ್ಪಿಕೊಂಡ ದೇಶಗಳಿಗೆ ಇದು ಕನಿಷ್ಠ ಮಟ್ಟ. ಆರೋಪ ಮಾಡಿದವರೇ ತೀರ್ಪನ್ನೂ ಕೊಟ್ಟು ಬಾಗಿಲು ಹಾಕಿಬಿಟ್ಟರೆ ಒಪ್ಪಂದಕ್ಕೆ ಅರ್ಥ ಏನು ಉಳಿಯಿತು, ಅಲ್ವಾ?

ಮೊದಲು ತಾರೀಖು ನೋಡಿ. ಆರ್ಥಿಕ ಸಹಕಾರಕ್ಕಾಗಿ ದೇಶಗಳು ಕಟ್ಟಿಕೊಂಡ ಒಇಸಿಡಿ ಸಂಸ್ಥೆಯ ಮಾದರಿ ತೆರಿಗೆ ಒಪ್ಪಂದದ 25ನೇ ವಿಧಿಯಲ್ಲಿ, ಒಪ್ಪಂದಕ್ಕೆ ವಿರುದ್ಧವಾದ ತೆರಿಗೆಯ ಮೊದಲ ನೋಟಿಸ್ ಬಂದ ದಿನದಿಂದ 3 ವರ್ಷ ಸಮಯ ಇದೆ. ನಿಮ್ಮ ಒಪ್ಪಂದದಲ್ಲಿ ಕಡಿಮೆ ಇರಬಹುದು, ಓದಿಕೊಳ್ಳಿ. ಅಲ್ಲಿನ ಮೇಲ್ಮನವಿಯ ಗಡುವನ್ನೂ ಬಿಡಬೇಡಿ, ಮ್ಯಾಪ್ ಅರ್ಜಿ ಹಾಕಿದ ಮಾತ್ರಕ್ಕೆ ಅದು ನಿಲ್ಲುತ್ತದೆ ಅಂದುಕೊಳ್ಳುವಂತಿಲ್ಲ.

ಇನ್ನು ಜಾಸ್ತಿ ಕೆಲಸ ಇರುವುದು ಕಡತದಲ್ಲಿ. ನಿಮ್ಮ ಒಪ್ಪಂದದಲ್ಲಿ ಪ್ರಿನ್ಸಿಪಲ್ ಪರ್ಪಸ್ ಟೆಸ್ಟ್, ಅಂದರೆ ವ್ಯವಹಾರದ ಮುಖ್ಯ ಉದ್ದೇಶ ಏನೆಂದು ನೋಡುವ ಪರೀಕ್ಷೆ, ಇದ್ದರೆ, ತೆರಿಗೆ ಲಾಭ ನಿಮ್ಮ ಏಕೈಕ ಉದ್ದೇಶ ಆಗಿರಬೇಕಿಲ್ಲ, ಮುಖ್ಯ ಉದ್ದೇಶಗಳಲ್ಲಿ ಒಂದಾಗಿದ್ದರೂ ಇಲಾಖೆಗೆ ಸಾಕು. ಹಾಗಾಗಿ ಆ ಕಂಪನಿ ಯಾಕೆ ಹುಟ್ಟಿತು ಎಂದು ಆಗಿನ ಕಾಗದಗಳೇ ಹೇಳಬೇಕು: ಆಡಳಿತ ಮಂಡಳಿ ಸಭೆ ಎಲ್ಲಿ ನಡೆಯಿತು, ಯಾರು ಕೂತಿದ್ದರು, ಬೇರೆ ಯಾವ ದೇಶಗಳನ್ನು ಪರಿಶೀಲಿಸಿದಿರಿ, ಸಾಲ ಕೊಟ್ಟ ಬ್ಯಾಂಕ್ ಏನು ಷರತ್ತು ಹಾಕಿತ್ತು. ನೋಟಿಸ್ ಬಂದ ಮೇಲೆ ಬರೆಸಿದ ಟಿಪ್ಪಣಿಗೆ ಅಷ್ಟು ತೂಕ ಇರುವುದಿಲ್ಲ. ನಿಮಗೆ ಮುಜುಗರ ತರುವ ಇಮೇಲ್ ಇದ್ದರೂ ಮುಚ್ಚಿಡಬೇಡಿ. ಎರಡೂ ದೇಶಗಳ ಅಧಿಕಾರಿಗಳು ಮಾಹಿತಿ ಹಂಚಿಕೊಳ್ಳುತ್ತಾರೆ.

ಅರ್ಜಿ ಹಾಕದೆ ಬಿಟ್ಟರೆ ಇನ್ನೊಂದು ಪೆಟ್ಟು ಇದೆ. ಆ ಜಾಸ್ತಿ ತೆರಿಗೆ ಒಪ್ಪಂದದ ಪ್ರಕಾರ ಹಾಕಿದ್ದೇ ಅಲ್ಲ ಎಂದು ನಿಮ್ಮ ದೇಶ ಅದಕ್ಕೆ ಕ್ರೆಡಿಟ್ (ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯುವುದು) ನಿರಾಕರಿಸಬಹುದು. ಆಗ ಒಂದೇ ಹಣಕ್ಕೆ ಎರಡು ಸಲ ತೆರಿಗೆ.

ಆದರೆ ಮ್ಯಾಪ್‌ನಲ್ಲಿ ಅಧಿಕಾರಿಗಳು ಪ್ರಯತ್ನ ಮಾಡಬೇಕು ಅಷ್ಟೇ, ಒಮ್ಮತಕ್ಕೆ ಬರಲೇಬೇಕೆಂದಿಲ್ಲ. ಸರಾಸರಿ 24 ತಿಂಗಳಲ್ಲಿ ಮುಗಿಸುವುದು ಗುರಿ. ಒಮ್ಮತ ಆಗದಿದ್ದಾಗ ಮೂರನೆಯವರಿಂದ ತೀರ್ಮಾನ ಮಾಡಿಸುವ ಮಧ್ಯಸ್ಥಿಕೆಯ ವಿಧಿ ನಿಮ್ಮ ಒಪ್ಪಂದದಲ್ಲಿದ್ದರೂ ದುರುಪಯೋಗದ ಕೇಸುಗಳನ್ನು ಅದರಿಂದ ಹೊರಗಿಟ್ಟ ದೇಶಗಳಿವೆ, ಆ ಸಾಲನ್ನು ಮೊದಲೇ ಹುಡುಕಿ ನೋಡಿ.