ಹರಾಜಿನಲ್ಲಿ ಮಗುವಿನ ಹಳೇ ಸಾಮಾನು ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ಓದಿ ಎಂಟು ವರ್ಷದ ಹಿಂದಿನ ನಮ್ಮ ಮನೆಯೇ ಕಣ್ಮುಂದೆ ಬಂತು. ಇಂಗ್ಲೆಂಡಿನಲ್ಲಿದ್ದೀರಿ, ಬಸುರಿಗೆ ಈಗ ಆರು ತಿಂಗಳು. ಅಂಗಡಿಯಲ್ಲಿ ಪ್ರ್ಯಾಮ್‌ಗೆ, ಅಂದರೆ ಮಗುವನ್ನು ಮಲಗಿಸಿ ತಳ್ಳುವ ಗಾಡಿಗೆ, 900 ಪೌಂಡ್ ಹೇಳಿದ್ದಾರೆ. ಅದೇ ಗಾಡಿ, ಯಾರೋ ಬಳಸಿದ್ದು, ಈಬೇ ವೆಬ್‌ಸೈಟಿನ ಹರಾಜಿನಲ್ಲಿ 150ಕ್ಕೆ ನಿಂತಿದೆ. ಬಾಣಂತನಕ್ಕೆ ಬರುವ ಅಮ್ಮ "ಯಾರದೋ ಮಗು ಮಲಗಿದ್ದು ನಮಗೆ ಬೇಡ" ಅಂತಿದ್ದಾರೆ. ತಗೊಳ್ಳಬಹುದಾ, ಮೋಸ ಹೋಗದೆ ಹೇಗೆ ತಗೊಳ್ಳೋದು ಅಂತ ಕೇಳಿದ್ದೀರಿ, ಅಲ್ವಾ?

ಧಾರಾಳವಾಗಿ ತಗೊಳ್ಳಿ. ಎರಡು ಸಾಮಾನು ಮಾತ್ರ ಬೇಡ. ಒಂದು, ಕಾರಿನಲ್ಲಿ ಮಗುವನ್ನು ಕೂರಿಸುವ ಕಾರ್ ಸೀಟ್. ಇನ್ನೊಂದು, ಮಗುವಿನ ಹಾಸಿಗೆ.

ಕಾರ್ ಸೀಟಿನ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಒಮ್ಮೆ ಕಾರು ಗುದ್ದಿದ್ದರೆ ಒಳಗಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿರಬಹುದು. ಮೇಲಿನ ಬಟ್ಟೆ ಒಗೆದು ಹಾಕಿದರೆ ಸೀಟು ಹೊಸದರ ಹಾಗೆ ಕಾಣುತ್ತದೆ. ಫೋಟೊದಲ್ಲಿ ಇರಲಿ, ಕೈಯಲ್ಲಿ ಹಿಡಿದು ನೋಡಿದರೂ ಗೊತ್ತಾಗುವುದಿಲ್ಲ. "ಅಪಘಾತ ಆಗಿಲ್ಲ" ಅನ್ನುವುದಕ್ಕೆ ಮಾರುವವರ ಮಾತೊಂದೇ ಆಧಾರ. ಇಲ್ಲಿ ಮಗುವಿಗೆ 12 ವರ್ಷ ಆಗುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರ ಬರುವವರೆಗೆ, ಯಾವುದು ಮೊದಲೋ ಅಲ್ಲಿವರೆಗೆ, ಕಾರಿನಲ್ಲಿ ಸರಿಯಾದ ಸೀಟು ಇರಲೇಬೇಕು ಅಂತ ಕಾನೂನಿದೆ. ಆಸ್ಪತ್ರೆಯಿಂದ ನಿಮ್ಮ ಕಾರಿನಲ್ಲಿ ಮನೆಗೆ ಬರುವ ದಿನದಿಂದಲೇ ಅದು ಬೇಕು. ಹಾಗಾಗಿ ಪ್ರ್ಯಾಮ್‌ನಲ್ಲಿ ಉಳಿಸಿದ ದುಡ್ಡನ್ನು ಇದಕ್ಕೆ ಹಾಕಿ. ಸ್ವಂತ ಅಕ್ಕನೋ ತೀರಾ ಹತ್ತಿರದ ಗೆಳತಿಯೋ ಕೊಟ್ಟು, ಆ ಸೀಟಿನ ಪೂರ್ತಿ ಕಥೆ ನಿಮಗೆ ಗೊತ್ತಿದ್ದರೆ ಅದು ಬೇರೆ ಮಾತು.

ಹಾಸಿಗೆಯೂ ಹೊಸದೇ ಇರಲಿ. ಗಟ್ಟಿಯಾಗಿ, ಸಪಾಟಾಗಿ, ನೀರು ಇಳಿಯದ ಹೊದಿಕೆ ಇರುವಂಥದ್ದು. ಇಲ್ಲಿನ ಸೇವಾಸಂಸ್ಥೆ ಲಲಬೈ ಟ್ರಸ್ಟ್‌ನವರು ಮಕ್ಕಳ ನಿದ್ದೆಯ ಬಗ್ಗೆ ಹೇಳುವುದನ್ನು ಒಮ್ಮೆ ಓದಿಕೊಳ್ಳಿ, ಅಮ್ಮನಿಗೂ ಓದಿ ಹೇಳಿ. ಕಾಟ್, ಅಂದರೆ ಸುತ್ತ ಕಡ್ಡಿ ಇರುವ ಮಗುವಿನ ಮಂಚ, ಹಳೆಯದಾದರೆ ಪರವಾಗಿಲ್ಲ, ಆದರೆ ಹಾಸಿಗೆ ಅದರ ಅಳತೆಗೆ ಸರಿಯಾಗಿ ಕೂರಬೇಕು. ಸುತ್ತ ಎರಡು ಬೆರಳಿಗಿಂತ ಜಾಸ್ತಿ ಸಂದು ಇರಬಾರದು. ಕಡ್ಡಿ ಕಡ್ಡಿಗಳ ನಡುವಿನ ಅಂತರ ನಾಲ್ಕೂವರೆಯಿಂದ ಆರೂವರೆ ಸೆಂಟಿಮೀಟರ್ ಒಳಗಿರಬೇಕು. ಅಜ್ಜಿ ಕಾಲದ ಚಂದದ ಮರದ ಕಾಟ್‌ಗಳು ಈ ಅಳತೆಯಲ್ಲಿ ಫೇಲ್ ಆಗುವುದು ಉಂಟು.

ಇನ್ನು ಹರಾಜು. ನಾನು ಪೆಟ್ಟು ತಿಂದಿದ್ದು ಇಲ್ಲೇ. ಏಳನೇ ತಿಂಗಳು, ರಾತ್ರಿ ನಿದ್ದೆ ಇಲ್ಲ, ಕೈಯಲ್ಲಿ ಫೋನು. ಬೂದು ಬಣ್ಣದ ಒಂದು ಪ್ರ್ಯಾಮ್ ಮನಸ್ಸಿಗೆ ಹಿಡಿದುಬಿಟ್ಟಿತ್ತು. ಮುಗಿಯಲು ಐದು ನಿಮಿಷ ಇರುವಾಗ ಇನ್ಯಾರೋ ನನಗಿಂತ ಜಾಸ್ತಿ ಬೆಲೆ ಹಾಕಿದರು. ನಾನು ಅವರಿಗಿಂತ ಜಾಸ್ತಿ ಹಾಕಿದೆ. ಹೊಟ್ಟೆಯಲ್ಲಿ ಮಗು ಒದೆಯುತ್ತಿತ್ತು, ಆ ಗಾಡಿ ನನ್ನ ಮಗುವಿನದೇ, ಬೇರೆಯವರು ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿಬಿಟ್ಟಿತು. 210 ಪೌಂಡ್‌ಗೆ ನನ್ನದಾಯಿತು. ಮಾರನೇ ದಿನ ನೋಡಿದರೆ ಅದೇ ಮಾಡೆಲ್ ಹಿಂದಿನ ವಾರಗಳಲ್ಲಿ 120, 140ಕ್ಕೆ ಹೋಗಿತ್ತು. ನನ್ನವರು ಏನೂ ಅನ್ನಲಿಲ್ಲ, ನನಗೇ ಅಳು ಬಂತು.

ಅದಕ್ಕೇ ಮೊದಲು ಮಾಡಬೇಕಾದ ಕೆಲಸ, ಹುಡುಕುವಾಗ "ಮಾರಾಟವಾದವು" ಅನ್ನುವ ಫಿಲ್ಟರ್ ಹಾಕಿ ನೋಡುವುದು. ಕೇಳುವ ಬೆಲೆ ಬೇರೆ, ಜನ ನಿಜವಾಗಿ ಕೊಟ್ಟ ಬೆಲೆ ಬೇರೆ. ಅದನ್ನು ನೋಡಿ, ಕಳಿಸುವ ಖರ್ಚು ಅಥವಾ ಹೋಗಿ ತರುವ ಪೆಟ್ರೋಲು ಲೆಕ್ಕ ಹಾಕಿ, ನಿಮ್ಮ ಕೊನೆಯ ಬೆಲೆಯನ್ನು ಹಗಲು ಹೊತ್ತಿನಲ್ಲೇ ಒಂದು ಚೀಟಿಯಲ್ಲಿ ಬರೆದಿಡಿ. ಅಷ್ಟನ್ನೇ ಒಮ್ಮೆ ಹಾಕಿ ಫೋನ್ ಕೆಳಗಿಡಿ. ಊರಿನ ಹರಾಜಿನ ಹಾಗೆ ಕೂಗುತ್ತಾ ನಿಲ್ಲಬೇಕಾಗಿಲ್ಲ. ನೀವು 130 ಅಂತ ಹಾಕಿದರೆ ಈಬೇ ಒಮ್ಮೆಗೇ 130ಕ್ಕೆ ಏರಿಸುವುದಿಲ್ಲ. ಎದುರಿನವರನ್ನು ದಾಟಲು ಎಷ್ಟು ಬೇಕೋ ಅಷ್ಟೇ ನಿಮ್ಮ ಪರವಾಗಿ ಏರಿಸುತ್ತಾ ಹೋಗುತ್ತದೆ. 95ಕ್ಕೇ ಮುಗಿದರೆ 95 ಕೊಟ್ಟರಾಯಿತು. ದಾಟಿ ಹೋದರೆ ಹೋಗಲಿ, ಅಂಥದ್ದೇ ಇನ್ನೊಂದು ಬರುತ್ತದೆ. ಆದರೆ ಬಿಡ್ ಹಾಕಿದ ಮೇಲೆ ಅದು ಮಾತು ಕೊಟ್ಟ ಹಾಗೆ. ಸುಮ್ನೆ ಹಾಕಿ ನೋಡೋಣ ಅನ್ನಬೇಡಿ.

"ಬಂದು ತೆಗೆದುಕೊಂಡು ಹೋಗಬೇಕು" ಅಂತ ಬರೆದಿರುವುದನ್ನು ಹುಡುಕಿ, ಅದೂ ನಿಮ್ಮ ಊರಿನ ಸುತ್ತ. ದೂರದವರು ಬಿಡ್ ಮಾಡುವುದಿಲ್ಲ, ಬೆಲೆ ಏರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಾಮಾನನ್ನು ಕೈಯಾರೆ ನೋಡಬಹುದು. ಎರಡನೇ ಮಗುವಿಗೆ ಹೀಗೇ ಒಂದು ಪ್ರ್ಯಾಮ್ ನೋಡಲು ಹೋಗಿದ್ದೆ. ಫೋಟೊದಲ್ಲಿ ಫಳಫಳ ಅನ್ನುತ್ತಿತ್ತು. ಮನೆ ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಕೈ ಬಿಟ್ಟೆ. ಅದು ಮೆಲ್ಲಗೆ ರಸ್ತೆ ಕಡೆ ಉರುಳತೊಡಗಿತು. ಮಾರುವಾಕೆಯೇ ಗಾಬರಿಯಾಗಿ ಓಡಿ ಹಿಡಿದರು. ಅವರಿಗೂ ಗೊತ್ತಿರಲಿಲ್ಲ ಪಾಪ, ವರ್ಷದಿಂದ ಗ್ಯಾರೇಜಿನಲ್ಲಿತ್ತಂತೆ. ಬರಿಗೈಲಿ ವಾಪಸ್ ಬಂದೆ. ನೀವೂ ಬ್ರೇಕ್ ಹಾಕಿ ತಳ್ಳಿ ನೋಡಿ. ಮೂರು ಸಲ ಮಡಚಿ ಬಿಚ್ಚಿ, ಲಾಕ್ ಕೂತಾಗ ಟಕ್ ಅಂತ ಸದ್ದು ಬರಬೇಕು. ಬೆಲ್ಟಿನ ಹೊಲಿಗೆ ಎಳೆದು ನೋಡಿ. ಸೀಟಿನ ಬಟ್ಟೆ ಎತ್ತಿ ಮೂಸಿ, ಬೂಷ್ಟು ಹಿಡಿದಿದ್ದರೆ ಮೂಗಿಗೆ ಗೊತ್ತಾಗುತ್ತದೆ. ಮೊದಲೇ ದುಡ್ಡು ಕಟ್ಟಿದ್ದರೆ ನಿಮ್ಮ ಹತ್ತಿರ ಈಬೇ ಕೊಟ್ಟ ಒಂದು ಕೋಡ್ ಇರುತ್ತದೆ. ಇದೆಲ್ಲ ಆದಮೇಲೆಯೇ ಅದನ್ನು ಅವರಿಗೆ ತೋರಿಸಿ. ತೋರಿಸಿದರೆ ಸಾಮಾನು ನಿಮ್ಮ ಕೈ ಸೇರಿತು ಅಂತ ಲೆಕ್ಕ.

ಮಾಡೆಲ್ ಹೆಸರು ಕೇಳಿಕೊಂಡು, ದೋಷ ಇದೆ ಅಂತ ಕಂಪನಿ ಅದನ್ನು ವಾಪಸ್ ಕರೆದಿತ್ತಾ ಅಂತಲೂ ನೋಡಿ. 2009ರಲ್ಲಿ ಅಮೆರಿಕದಲ್ಲಿ ಮ್ಯಾಕ್ಲಾರೆನ್‌ನ ಸುಮಾರು 10 ಲಕ್ಷ ತಳ್ಳುಗಾಡಿಗಳ ಮೇಲೆ ಇಂಥ ಪ್ರಕಟಣೆ ಬಂತು. ಬಿಚ್ಚುವಾಗ ಕೀಲಿನಲ್ಲಿ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾಗಿತ್ತು. ಕೀಲು ಮುಚ್ಚಲು ಕವರ್ ಕೊಟ್ಟರು. ಆದರೆ ಇಂಥ ಪ್ರಕಟಣೆ ಎಲ್ಲರ ಕಿವಿಗೂ ಬೀಳುವುದಿಲ್ಲ. ಅಟ್ಟ ಸೇರಿದ ಗಾಡಿ ಎಷ್ಟೋ ವರ್ಷದ ಮೇಲೆ ಹರಾಜಿಗೆ ಇಳಿಯಬಹುದು. ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ವಾಪಸ್ ಕರೆದ ಸಾಮಾನುಗಳ ಪಟ್ಟಿ ಇದೆ, ಎರಡು ನಿಮಿಷದ ಕೆಲಸ.

ಅಮ್ಮನ ಮಾತಿಗೆ ಬರುತ್ತೇನೆ. ನಮ್ಮಮ್ಮನೂ ಇದನ್ನೇ ಅಂದಿದ್ದರು. ಆಗ ನಾನು ಕೇಳಿದೆ, "ಅಮ್ಮಾ, ನಮ್ಮ ಮನೆ ತೊಟ್ಟಿಲು ಎಲ್ಲಿಂದ ಬಂದಿತ್ತು?" ಅದು ದೊಡ್ಡಮ್ಮನ ಮನೆಯದು. ನನ್ನ ಅಣ್ಣ, ನಾನು, ಚಿಕ್ಕಮ್ಮನ ಇಬ್ಬರು ಮಕ್ಕಳು, ಆಮೇಲೆ ಎದುರುಮನೆ ಶಿಕ್ಷಕರ ಮಗು, ಎಲ್ಲರೂ ಅದರಲ್ಲೇ ಮಲಗಿದ್ದೆವು. ಹುಟ್ಟಿದ ಮಗುವಿಗೆ ಮೊದಲು ಹಾಕಿದ್ದೂ ಮೆತ್ತಗಾದ ಹಳೇ ಬಟ್ಟೆಯೇ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಸಿನೀರಲ್ಲಿ ಚೆನ್ನಾಗಿ ಒರೆಸಿ, ಬಿಸಿಲಿಗಿಡು" ಅಂದರು. ಇಲ್ಲಿ ಬಿಸಿಲು ಎಲ್ಲಿಂದ ತರಲಿ? ಎರಡು ದಿನ ಕಿಟಕಿ ಪಕ್ಕ ಇಟ್ಟೆ.

ಯಾವುದಾದರೂ ಕಾಟ್ ಅಥವಾ ಪ್ರ್ಯಾಮ್ ಮನಸ್ಸಿಗೆ ಬಂದಿದ್ದರೆ ಮಾಡೆಲ್ ಹೆಸರು ಇಲ್ಲೇ ಕೆಳಗೆ ಬರೆಯಿರಿ. ನಾನೂ ಹಳೆಯ ಬೆಲೆ ನೋಡಿ, ಎಷ್ಟಕ್ಕೆ ನಿಲ್ಲಿಸಬೇಕು ಅಂತ ಹೇಳುತ್ತೇನೆ.